ಮೊದಲ ಕೂಗಿಗೆ ಓಗೊಟ್ಟವಳು

"ಟೋಪಿ ತೆಗೀರಿ," ಎಂದಳು ವಿದಾ.

ಸ್ಮಶಾನದ ಕಲ್ಲುಗೋಡೆಯ ಹೊರಗೆ ಗುದ್ದಲಿ, ಹಾರೆ ಹಿಡಿದು ನಿಂತಿದ್ದ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳ ಮುಖವನ್ನು ಮಾತ್ರ ಯಾರೂ ನೋಡಲಿಲ್ಲ.

"ಇನ್ನೂ ಒಳಗೇ ಕಾಲಿಟ್ಟಿಲ್ಲ," ಎಂದ ಊರ ಮುಖ್ಯಸ್ಥ ಒಬ್ರೆನ್, ಅವಳ ಹೆಗಲಿನಾಚೆ ಎಲ್ಲೋ ನೋಡುತ್ತ. "ಈಗಲೇ ಟೋಪಿ ಯಾಕಮ್ಮ?"

"ಒಳಗೆ ಹೋದ ಮೇಲೆ ಹೇಗೂ ತೆಗೀಬೇಕಲ್ಲ ಮಾವ. ಒಂದು ಗಳಿಗೆ ಮೊದಲೇ ತೆಗೆದರೆ ತಲೆಯೇನು ಸವೆಯಲ್ಲ."

"ಸವೆಯೋಕೆ ಒಬ್ರೆನ್ ತಲೆ ಮೇಲೆ ಉಳಿದಿರೋದಾದ್ರೂ ಏನು?" ಎಂದಳು ಹೆಂಗಸರ ಗುಂಪಿನಿಂದ ಮುದುಕಿ ಕ್ರುನಿಯಾ.

ಯಾರೋ ಕಿಸಕ್ಕನೆ ನಕ್ಕರು. ನಕ್ಕವರೇ ಬೆಚ್ಚಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು.

ನಗುವ ದಿನವಲ್ಲ ಅದು. ಶನಿವಾರ. ಗೋರಿಯಿಂದ ಎದ್ದು ಬಂದು ಬದುಕಿದ್ದವರ ರಕ್ತ ಹೀರುವವನು ವಾರವೆಲ್ಲ ತಿರುಗಿದರೂ ಶನಿವಾರ ಮಾತ್ರ ತನ್ನ ಪೆಟ್ಟಿಗೆ ಬಿಟ್ಟು ಕದಲುವುದಿಲ್ಲ. ಹಿಡಿಯುವುದಾದರೆ ಇವತ್ತೇ ಹಿಡಿಯಬೇಕು.

ಗಿರಣಿಯ ಸಿಬಿನ್ ತನ್ನದೇ ಗಿರಣಿಯ ಕಾಲುವೆಯಲ್ಲಿ ಹೆಣವಾಗಿ ಸಿಕ್ಕಿ ಮಣ್ಣು ಸೇರಿದಂದಿನಿಂದ ಊರಿನಲ್ಲಿ ಕುರಿಮರಿಗಳು ಸಾಯತೊಡಗಿದ್ದವು. ಕತ್ತಲಾದ ಮೇಲೆ ಅವನ ಹೆಂಡತಿ ರುಮೆನಾಳ ಬಾಗಿಲಲ್ಲಿ ಯಾರೋ ನಿಂತು ಅವಳ ಹೆಸರು ಹಿಡಿದು ಕರೆಯುತ್ತಿದ್ದರು. ಆ ದನಿ ಸಿಬಿನ್‌ನದೇ ಎಂದು ಅಕ್ಕಪಕ್ಕದವರು ಆಣೆ ಮಾಡಿ ಹೇಳಿದ್ದರು.

ಒಬ್ರೆನ್‌ನ ಕಂಕುಳಲ್ಲಿ ಗೋಣಿಯಲ್ಲಿ ಸುತ್ತಿದ ಗೂಟವಿತ್ತು. ಬಿಳಿ ಹೂ ಬಿಡುವ ಮುಳ್ಳುಮರದ್ದು, ಹೊಸದಾಗಿ ಚೂಪು ಮಾಡಿದ್ದು. ಪಾದ್ರಿಗೆ ಮಾತ್ರ ಇವತ್ತೇ ಬೆಟ್ಟದಾಚೆ ಯಾವುದೋ ನಾಮಕರಣ ನೆನಪಾಗಿತ್ತು.

"ಬೆಲ್‌ಗ್ರೇಡಿನ ಕಾನೂನು ಗೋರಿ ಅಗೀಬಾರದು ಅನ್ನುತ್ತೆ," ಎಂದು ದಾರಿಯಲ್ಲಿ ಯಾರೋ ಗೊಣಗಿದ್ದಕ್ಕೆ ಒಬ್ರೆನ್ ಹೇಳಿದ್ದ, "ಬೆಲ್‌ಗ್ರೇಡಿನವರ ಕುರಿಮರಿ ಸತ್ತಿಲ್ಲವಲ್ಲ."

ಪೆಟ್ಟಿಗೆ ತೆರೆದಾಗ ಬಗ್ಗಿ ನೋಡಿ, ಎದ್ದು ಬರುತ್ತಿರುವವನು ಇವನೇ ಹೌದೋ ಅಲ್ಲವೋ ಎಂದು ಹೇಳಬೇಕಾದವಳು ವಿದಾ. ಅವಳು ಹುಟ್ಟಿದ್ದು ಶನಿವಾರ. ಶನಿವಾರ ಹುಟ್ಟಿದವರ ಕಣ್ಣಿಗೆ ಮಾತ್ರ ಅಂಥವರು ಕಾಣುತ್ತಾರೆ ಎಂಬುದು ಊರಿನ ನಂಬಿಕೆ. ಅದಕ್ಕೇ ಅವಳು ಎದುರು ಬಂದರೆ ತಾಯಂದಿರು ಮಕ್ಕಳ ಮುಖವನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದರು. ಮದುವೆಗೆ ಕರೆಯುತ್ತಿರಲಿಲ್ಲ, ಕೊಯ್ಲಿಗೆ ಕರೆಯುತ್ತಿರಲಿಲ್ಲ. ಸಾವಿಗೆ ಮಾತ್ರ ಬಾಗಿಲ ತನಕ ಬಂದು, ನೆಲ ನೋಡಿಕೊಂಡು ಕರೆಯುತ್ತಿದ್ದರು.

ವಿದಾ ಇಷ್ಟು ವರ್ಷದಲ್ಲಿ ಎದ್ದು ಬಂದ ಒಬ್ಬನನ್ನೂ ಕಂಡವಳಲ್ಲ. ಚಿಕ್ಕವಳಿದ್ದಾಗ ಒಮ್ಮೆ ಅದನ್ನು ಹೇಳಿಯೂ ನೋಡಿದ್ದಳು. ಕಂಡದ್ದನ್ನು ಮುಚ್ಚಿಡುತ್ತಾಳೆ ಎಂದು ಜನ ಇನ್ನಷ್ಟು ದೂರ ಸರಿದರು. ಆಮೇಲೆ ಹೇಳುವುದನ್ನು ಬಿಟ್ಟಳು. ಯಾರೂ ತನ್ನನ್ನು ನೋಡದಿದ್ದುದರಿಂದ ಎಲ್ಲರನ್ನೂ ಬೇಕಾದಷ್ಟು ಹೊತ್ತು ನೋಡುವ ಅಭ್ಯಾಸ ಮಾತ್ರ ಅವಳಿಗೆ ಉಳಿಯಿತು.

ಅವಳ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುತ್ತಿದ್ದವಳು ಊರಿಗೆಲ್ಲ ರುಮೆನಾ ಒಬ್ಬಳೇ. ಗಿರಣಿಯಿಂದ ಬಿಸಿ ಆರದ ಜೋಳದ ಹಿಟ್ಟು ತಂದು, ವಿದಾಳ ಒಲೆಯ ಮುಂದೆ ಕೂತು ಗಂಜಿ ಕಾಯಿಸುತ್ತಿದ್ದಳು. ಒಂದೇ ಬಟ್ಟಲಿನಿಂದ ಇಬ್ಬರೂ ಉಣ್ಣುತ್ತಿದ್ದರು. "ನಿನ್ನ ಕಣ್ಣಲ್ಲಿ ಏನಿದೆಯೇ? ಹೊಗೆಗೆ ಬಂದ ನೀರು, ಅಷ್ಟೆ," ಎಂದು ರುಮೆನಾ ಒಮ್ಮೆ ನಕ್ಕಿದ್ದಳು. ಆ ಮಾತನ್ನು ವಿದಾ ಎಷ್ಟೋ ದಿನ ಒಬ್ಬಳೇ ನೆನೆದುಕೊಂಡು ಮಲಗಿದ್ದಳು.

ಇವತ್ತು ಸಿಬಿನ್ ಎದ್ದವನೆಂದು ತೀರ್ಮಾನವಾದರೆ ಅವನ ಎದೆಗೆ ಗೂಟ ಬೀಳುತ್ತದೆ, ರುಮೆನಾ ಊರ ಗಡಿ ದಾಟಬೇಕಾಗುತ್ತದೆ. ಅಂಥವನ ಹೆಂಡತಿಯನ್ನು ಒಲೆಯ ಹತ್ತಿರ ಕೂರಿಸಿಕೊಳ್ಳುವವರು ಯಾವ ಊರಲ್ಲೂ ಇಲ್ಲ. ಅವಳು ಹೋದರೆ ವಿದಾಳ ಬಟ್ಟಲಿಗೆ ಇನ್ನೊಂದು ಕೈ ಇಲ್ಲ.

ಟೋಪಿಗಳು ಒಂದೊಂದಾಗಿ ಇಳಿದವು. ಎಲ್ಲ ಕುರಿ ಉಣ್ಣೆಯವು, ಎಲ್ಲ ಒಂದೇ ತರಹದವು. ಒಂದು ಮಾತ್ರ ಇಳಿಯಲಿಲ್ಲ.

"ಝಿವಾನ್," ಎಂದಳು ವಿದಾ.

ಝಿವಾನ್ ಸಿಬಿನ್‌ನ ತಮ್ಮ. ಅಣ್ಣ ಕುಳ್ಳ, ತಮ್ಮ ಉದ್ದ. ರುಮೆನಾ ಹೋದರೆ ಗಿರಣಿ ಸೇರುವುದು ಅವನಿಗೇ.

"ನಂಗೆ ಶೀತ," ಎಂದ ಝಿವಾನ್.

"ಮೂಗು ಒಣಗೇ ಇದೆಯಲ್ಲೋ," ಎಂದಳು ಕ್ರುನಿಯಾ.

"ನಿಂಗ್ಯಾಕಜ್ಜಿ ನನ್ನ ಮೂಗು?"

"ನೀನು ಹುಟ್ಟಿದಾಗ ಆ ಮೂಗು ಒರೆಸಿದ್ದೇ ನಾನು. ತೆಗಿಯೋ ಟೋಪಿ. ಸತ್ತವರ ಬಾಗಿಲಲ್ಲಿ ನಿಂತಿದ್ದೀಯ."

ಝಿವಾನ್ ಟೋಪಿ ತೆಗೆದು ಬೆನ್ನ ಹಿಂದೆ ಹಿಡಿದ. ವಿದಾ ಅವನ ಹಿಂದೆ ನಡೆದಳು. ಅವಳು ಹತ್ತಿರ ಬಂದಂತೆ ಜನ ತಾವಾಗಿಯೇ ದಾರಿ ಬಿಟ್ಟರು. ಅವಳ ಬದುಕಿನಲ್ಲಿ ಅದೊಂದು ಅನುಕೂಲ. ಕೈ ಚಾಚಿ ಟೋಪಿ ಕಸಿದುಕೊಂಡು ಒಬ್ರೆನ್‌ನ ಮೂಗಿನ ಹತ್ತಿರ ಹಿಡಿದಳು.

"ಏನು ವಾಸನೆ ಹೇಳಿ ಮಾವ."

ಒಬ್ರೆನ್ ಮೂಸಿದ. ಉಣ್ಣೆಯ ನೆತ್ತಿಯಲ್ಲಿ ಕಪ್ಪಗೆ ಅಂಟಿದ್ದನ್ನು ಬೆರಳಿನಿಂದ ಉಜ್ಜಿ ನೋಡಿದ. "ಕೀಲೆಣ್ಣೆ. ಗಾಡಿ ಅಚ್ಚಿಗೆ ಹಾಕೋದು. ಇದರಲ್ಲೇನಿದೆ?"

"ಝಿವಾನ್‌ಗೆ ಗಾಡಿ ಇದೆಯಾ?"

ಇರಲಿಲ್ಲ. ಊರಿಗೆಲ್ಲ ಅದು ಗೊತ್ತಿತ್ತು.

"ಈ ಕೀಲೆಣ್ಣೆ ರುಮೆನಾ ಮನೆ ಬಾಗಿಲ ಮೇಲಿನ ಅಡ್ಡಮರದ್ದು," ಎಂದಳು ವಿದಾ. ಇಷ್ಟು ಜನರ ಮುಂದೆ ಇಷ್ಟು ಉದ್ದ ಮಾತಾಡಿ ಅವಳಿಗೆ ಅಭ್ಯಾಸವಿರಲಿಲ್ಲ. "ಹಚ್ಚಿದ್ದು ನಾನೇ. ಸಿಬಿನ್ ಆ ಬಾಗಿಲಲ್ಲಿ ಯಾವತ್ತೂ ತಲೆ ಬಗ್ಗಿಸಿದವನಲ್ಲ. ಅವನ ನೆತ್ತಿಗೂ ಆ ಮರಕ್ಕೂ ನಡುವೆ ಒಂದು ರೊಟ್ಟಿ ತೂರಿಸಬಹುದಿತ್ತು. ಸತ್ತವನು ಬಂದಿದ್ರೆ ಮರ ಮುಟ್ಟದೆ ಬರ್ತಿದ್ದ. ಬಂದದ್ದು ಉದ್ದದವನು. ಕರೆಯೋಕೆ ಮುಂದೆ ಬಾಗಿದ, ಟೋಪಿ ತಾಗಿಸಿಕೊಂಡ."

ಜನ ಗುಜುಗುಜು ಎಂದರು. ವಿದಾಳ ಕಣ್ಣು ಹೆಂಗಸರ ನಡುವೆ ರುಮೆನಾಳನ್ನು ಹುಡುಕಿತು. ಕಪ್ಪು ತಲೆವಸ್ತ್ರದೊಳಗೆ ರುಮೆನಾಳ ಮುಖ ಬಿಳಿಚಿಕೊಂಡಿತ್ತು. ಆದರೂ ಅವಳು ಎಂದಿನಂತೆ ವಿದಾಳ ಕಣ್ಣಿಗೇ ಕಣ್ಣು ಕೊಟ್ಟು ಸಣ್ಣಗೆ ತಲೆಯಾಡಿಸಿದಳು.

ಅಷ್ಟು ಸಾಕಿತ್ತು ವಿದಾಗೆ.

ಕೀಲೆಣ್ಣೆಯ ಡಬ್ಬಿ ಹಿಡಿದು ಹೋದ ಸಂಜೆ ಅವಳು ರುಮೆನಾಳನ್ನು ಅಳತೆಯ ದಾರ ಕೇಳಿದ್ದಳು. ಸತ್ತವನನ್ನು ನೆತ್ತಿಯಿಂದ ಹಿಮ್ಮಡಿಯ ತನಕ ದಾರದಿಂದ ಅಳೆದು, ಆ ದಾರವನ್ನು ಮನೆಯ ತೊಲೆಯ ಸಂದಿಗೆ ಸಿಕ್ಕಿಸುತ್ತಾರೆ. ಅವನ ಜೊತೆ ಮನೆಯ ಅದೃಷ್ಟವೂ ಹೊರಟುಹೋಗದಿರಲಿ ಎಂದು. ಸಿಬಿನ್‌ನನ್ನು ಅಳೆಯುವಾಗ ದಾರದ ಇನ್ನೊಂದು ತುದಿ ಹಿಡಿದದ್ದು ವಿದಾಳೇ. ರುಮೆನಾಳ ಕೆಂಪು ಉಣ್ಣೆ ಪಾದದ ಹತ್ತಿರ ಸಾಲದೆ ಬಂದಾಗ, ವಿದಾ ತಾನು ನೂಲುವ ಕದಿರಿನಿಂದ ಬೂದು ಬಣ್ಣದ ಎಳೆ ಹರಿದು ಗಂಟು ಹಾಕಿ ಕೊಟ್ಟಿದ್ದಳು. ಆಮೇಲೆ ರುಮೆನಾ ಅವಳನ್ನು ಮೇಣದ ಬತ್ತಿ ತರಲು ಮನೆಗೆ ಕಳಿಸಿದ್ದಳು. ವಿದಾ ಮರಳಿ ಬರುವಷ್ಟರಲ್ಲಿ ಸಿಬಿನ್‌ಗೆ ಮದುವೆಯ ಅಂಗಿ ತೊಡಿಸಿ, ಮೇಲೆ ಕುರಿತುಪ್ಪಟದ ದಪ್ಪ ಅಂಗಿ ಹಾಕಿ, ಕತ್ತಿನ ತನಕ ಗುಂಡಿ ಮುಚ್ಚಿ ಆಗಿತ್ತು. ದಾರ ತೊಲೆ ಸೇರಿತು ಎಂದಿದ್ದಳು ರುಮೆನಾ.

ಕೀಲೆಣ್ಣೆ ಹಚ್ಚುವ ಅಡ್ಡಮರಕ್ಕೆ ಸಿಬಿನ್‌ನ ನೆತ್ತಿ ತಾಗುತ್ತಿತ್ತೋ ಇಲ್ಲವೋ ಎಂದು ನೋಡಲು ಆ ದಾರ ಬೇಕಿತ್ತು. "ಇಳಿಸಬಾರದು ಕಣೇ, ನಲವತ್ತನೇ ದಿನ ಆಗೋ ತನಕ," ಎಂದಿದ್ದಳು ರುಮೆನಾ. ವಿದಾ ಒತ್ತಾಯ ಮಾಡಲಿಲ್ಲ. ಸಿಬಿನ್‌ನ ನೆತ್ತಿ ತನ್ನ ಹುಬ್ಬಿಗೆ ಬರುತ್ತಿತ್ತು ಎಂಬ ನೆನಪು ಸಾಕಾಯಿತು.

"ಹೌದು, ನಾನೇ ಹೋಗಿದ್ದೆ," ಎಂದ ಝಿವಾನ್ ಇದ್ದಕ್ಕಿದ್ದಂತೆ. ಬರಿದಲೆಯಲ್ಲಿ ಅವನು ಇನ್ನೂ ಹುಡುಗನಂತೆ ಕಂಡ. "ಅಣ್ಣನ ದನೀಲಿ ಕರೆದೆ. ಹೆದರಿ ಗಿರಣಿ ಬಿಟ್ಟು ಹೋಗಲಿ ಅಂತ ಕರೆದೆ. ಏನೀಗ?"

"ನಾಚಿಕೆಗೆಟ್ಟವನೇ!" ಎಂದಳು ಕ್ರುನಿಯಾ. "ಒಡಹುಟ್ಟಿದವನ ದನಿ ಕದ್ದಿದ್ದೀಯ. ಆ ಬಾಯಲ್ಲಿ ಇನ್ನು ಸಾರಾಯಿ ಕೂಡ ರುಚಿಸಲ್ಲ ನಿಂಗೆ."

"ಕುರಿಮರಿ?" ಎಂದ ಒಬ್ರೆನ್.

"ಕುರಿಮರಿ ನಂಗೇನು ಗೊತ್ತು? ಚಳಿಗೆ ಸತ್ತಿರಬೇಕು. ಪ್ರತಿ ವರ್ಷ ಸಾಯಲ್ವಾ?"

"ಸಿಬಿನ್?" ಎಂದಳು ವಿದಾ. "ಅವನೂ ಚಳಿಗೇ ಸತ್ತನಾ? ಹುಟ್ಟಿದಾಗಿನಿಂದ ನಡೆದಾಡಿದ ಕಾಲುವೆ ಅಂಚಲ್ಲಿ ಅವನ ಕಾಲು ಅವತ್ತೊಂದೇ ದಿನ ಜಾರಿತಾ?"

ಝಿವಾನ್‌ನ ಮುಖ ಕೆಂಪಾಯಿತು. ಊರಿನಲ್ಲಿ ಮೊದಲ ಬಾರಿಗೆ ಒಬ್ಬ ಗಂಡಸು ಅವಳನ್ನು ನೇರವಾಗಿ ನೋಡಿದ. ಸಿಟ್ಟು ಭಯವನ್ನು ಮರೆಸಿತ್ತು.

"ನಾನು ಕೊಂದಿದ್ರೆ ರಾತ್ರಿ ಹೊತ್ತು ಅವನ ಮನೆ ಹತ್ರ ಸುಳೀತಿದ್ನಾ? ಕೈಯಾರೆ ಕೊಂದರೆ ಸತ್ತವನು ಮೊದಲು ಬರೋದು ಕೊಂದವನ ಹತ್ರಾನೇ. ಅಜ್ಜೀನೇ ಹೇಳಲಿ."

"ಅದು ನಿಜ," ಎಂದಳು ಕ್ರುನಿಯಾ ಮನಸ್ಸಿಲ್ಲದ ಮನಸ್ಸಿನಿಂದ.

"ನಿಂಗೆ ಇನ್ನೊಂದು ಮಾತು ಹೇಳ್ತೀನಿ ಕೇಳು," ಎಂದ ಝಿವಾನ್. ಈಗ ದನಿ ತಗ್ಗಿಸಿ, ಅವಳಿಗೊಬ್ಬಳಿಗೇ ಕೇಳುವಂತೆ. "ಮೊದಲನೇ ಸಲ ಹೋದಾಗ 'ರುಮೆನಾ' ಅಂತ ಒಂದೇ ಒಂದು ಸಲ ಕರೆದೆ. ಸುಮ್ಮನಿರ್ತಾಳೆ, ಎರಡನೇ ಸಲ ಕರೀಬೇಕು ಅಂತಿದ್ದೆ. ಕರೆದ ತಕ್ಷಣ ಒಳಗಿಂದ 'ಯಾರದು?' ಅಂದ್ಲು. ಮೊದಲ ಕೂಗಿಗೇ! ಮೈಯೆಲ್ಲ ತಣ್ಣಗಾಯ್ತು ನಂಗೆ. ಹೆದರಿಸೋಕೆ ಹೋದವನು ನಾನೇ ಬೇಲಿ ಹಾರಿ ಓಡಿ ಬಂದೆ."

ಕತ್ತಲಾದ ಮೇಲೆ ಹೊರಗಿನಿಂದ ಹೆಸರು ಕೂಗಿದರೆ ಆ ಬೆಟ್ಟಗಳಲ್ಲಿ ತೊದಲು ಮಾತಿನ ಮಗು ಕೂಡ ಮೊದಲ ಕೂಗಿಗೆ ಓಗೊಡುವುದಿಲ್ಲ. ಎದ್ದವನಿಗೆ ಒಂದೇ ಸಲ ಕೂಗುವ ಶಕ್ತಿ. ಓಗೊಟ್ಟರೆ ಬಾಗಿಲು ತೆರೆದಂತೆಯೇ. ಎರಡನೇ ಸಲ ಕೂಗಿದರೆ ಮಾತ್ರ ಅದು ಬದುಕಿರುವ ಮನುಷ್ಯ. ವಿದಾಳಿಗೆ ಈ ನಂಬಿಕೆಯಿಲ್ಲ. ಆದರೂ ಅವಳೂ ಮೊದಲ ಕೂಗಿಗೆ ಓಗೊಟ್ಟವಳಲ್ಲ. ಅವಳ ಬಾಗಿಲಲ್ಲಿ ಕೂಗುವವರೇ ಇರಲಿಲ್ಲ, ಅದು ಬೇರೆ.

"ಅವಳು ಧೈರ್ಯವಂತೆ," ಎಂದಳು ವಿದಾ. "ನಿನ್ನಂಥವರಿಗೆ ಹೆದರೋಳಲ್ಲ."

"ಇರಬಹುದು," ಎಂದ ಝಿವಾನ್.

ಎದ್ದವನು ಒಳಗೆ ಬರದಿರಲೆಂದು ಊರಿನ ಪ್ರತಿ ಕಿಟಕಿಯಲ್ಲೂ ಬೆಳ್ಳುಳ್ಳಿ ತೂಗುತ್ತಿತ್ತು. ರುಮೆನಾಳ ಕಿಟಕಿಯಲ್ಲಿ ಇರಲಿಲ್ಲ. ಅದನ್ನು ವಿದಾ ಮೊದಲ ವಾರವೇ ಗಮನಿಸಿದ್ದಳು. ಗಮನಿಸಿ, ಇವಳೂ ನನ್ನಂತೆಯೇ ನಂಬದವಳು ಎಂದು ಒಳಗೊಳಗೇ ಸಂತೋಷಪಟ್ಟಿದ್ದಳು.

ಒಬ್ರೆನ್ ಗಂಟಲು ಸರಿಪಡಿಸಿಕೊಂಡ. "ಸರಿ. ಕರೆದವನು ಸಿಕ್ಕಿದ. ಇವನ ವಿಚಾರ ನಾಳೆ ಪಂಚಾಯ್ತಿಯಲ್ಲಿ. ಗೂಟಕ್ಕೆ ಇವತ್ತು ಕೆಲಸವಿಲ್ಲ. ನಡೀರಿ."

"ನಡೀರಿ," ಎಂದಳು ರುಮೆನಾಳೂ. ಅವಳು ಬಂದು ವಿದಾಳ ತೋಳು ಹಿಡಿದಳು. ಇಡೀ ಊರಿನ ಮುಂದೆ. "ಸಾಕು ಕಣೇ. ಮನೆಗೆ ಹೋಗೋಣ. ಒಲೆ ಹಚ್ಚಿ ಬಂದಿದೀನಿ. ಅವನನ್ನ ಮಲಗೋಕೆ ಬಿಡಿ."

ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಹಿಂದಿನಿಂದ ಯಾವುದೋ ಹೆಂಗಸು ಹೇಳಿದಳು: "ಝಿವಾನ್ ಕರೆದ, ಸರಿ. ಕುರಿಮರಿಗಳ ರಕ್ತ ಹೀರಿದ್ದು ಯಾರು? ನೋಡದೆ ಹೋದರೆ ಇವತ್ತು ರಾತ್ರಿ ನನ್ನ ಮಕ್ಕಳು ನಿದ್ದೆ ಮಾಡ್ತಾರಾ?"

ವಿದಾ ತಿರುಗಿ ನೋಡಿದಳು. ಆ ಹೆಂಗಸು ಮುಖ ಮುಚ್ಚಿಕೊಂಡಳು. ಅವಳ ಹಿಂದಿನವರೂ. ನಾಳೆ ಒಂದು ಕುರಿಮರಿ ಸತ್ತರೆ, ಮುಂದಿನ ತಿಂಗಳು ಒಂದು ಮಗು ಕೆಮ್ಮಿದರೆ, ಇವರೇ ಮತ್ತೆ ರುಮೆನಾಳ ಬಾಗಿಲಿಗೆ ಬರುತ್ತಾರೆ. ಅನುಮಾನ ಬೇರು ಬಿಟ್ಟರೆ ಮನುಷ್ಯರನ್ನು ಏನು ಮಾಡುತ್ತದೆ ಎಂದು ವಿದಾಳಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಯಾರೂ ಇರಲಿಲ್ಲ.

"ತೆಗೀರಿ ಗೋರಿನ," ಎಂದಳು.

"ವಿದಾ, ಬೇಡ," ಎಂದಳು ರುಮೆನಾ. ತೋಳಿನ ಮೇಲಿನ ಬೆರಳುಗಳು ಬಿಗಿಯಾದವು.

"ಎಲ್ಲರೂ ನೋಡಲಿ. ಕೊಳೆತಿರೋದನ್ನ ಕಣ್ಣಾರೆ ನೋಡಲಿ. ಒಂದೇ ಸಲಕ್ಕೆ ಮುಗಿದು ಹೋಗಲಿ. ಆಮೇಲೆ ನಿನ್ನ ಬಾಗಿಲ ಹತ್ರ ಯಾರೂ ಬರಲ್ಲ."

"ನಾನು ಬೇಡ ಅಂತಿದೀನಿ."

"ನಿನಗೋಸ್ಕರಾನೇ ಕಣೇ," ಎಂದಳು ವಿದಾ, ಮತ್ತು ಮೆಲ್ಲಗೆ ತನ್ನ ತೋಳು ಬಿಡಿಸಿಕೊಂಡಳು.

ಎಲ್ಲರೂ ಗೋಡೆಯೊಳಗೆ ನಡೆದರು. ಮಣ್ಣು ಇನ್ನೂ ಸಡಿಲವಾಗಿಯೇ ಇತ್ತು. ಗೋರಿಯ ಮೇಲೆ ಸತ್ತವನ ಹೆಸರಿನಲ್ಲಿ ಇಟ್ಟಿದ್ದ ಬೇಯಿಸಿದ ಗೋಧಿಯ ಬಟ್ಟಲನ್ನು ಒಬ್ರೆನ್ ಜೋಪಾನವಾಗಿ ಪಕ್ಕಕ್ಕಿಟ್ಟ. ಗುದ್ದಲಿ ಹಲಗೆಗೆ ತಾಗಿತು.

ಹಾರೆಯಿಂದ ಮುಚ್ಚಳ ಮೀಟಿದರು. ವಾಸನೆ ಮೊದಲು ಬಂತು. ಗಂಡಸರು ತೋಳಿನಿಂದ ಮೂಗು ಮುಚ್ಚಿಕೊಂಡು ಹಿಂದಕ್ಕೆ ಸರಿದರು. ಒಬ್ಬ ಗೋಡೆಯ ತನಕ ಓಡಿ ವಾಂತಿ ಮಾಡಿಕೊಂಡ.

ಅಷ್ಟು ಒಳ್ಳೆಯ ವಾಸನೆ ವಿದಾಳ ಮೂಗಿಗೆ ಯಾವತ್ತೂ ಬಡಿದಿರಲಿಲ್ಲ. ಎದ್ದವನಾದರೆ ಕೊಳೆತಿರಬಾರದು, ಕೆನ್ನೆ ಕೆಂಪಗೆ ಉಬ್ಬಿರಬೇಕು, ತುಟಿಯ ಅಂಚಿನಲ್ಲಿ ಹಸಿ ರಕ್ತ ಇರಬೇಕು. ಸಿಬಿನ್‌ನ ಮುಖ ಕಪ್ಪಾಗಿ ಕುಸಿದಿತ್ತು. ಹೊಟ್ಟೆ ಒಳಗಿಳಿದಿತ್ತು. ಎಲ್ಲ ಸತ್ತವರಂತೆ ಅವನೂ ಸತ್ತಿದ್ದ.

"ಕೊಳೆತಿದ್ದಾನೆ," ಎಂದ ಒಬ್ರೆನ್ ಮುಖ ತಿರುಗಿಸಿಕೊಂಡು. "ದೇವರು ಅವನನ್ನ ಕ್ಷಮಿಸಲಿ. ವಿದಾ, ಹತ್ತಿರ ಹೋಗಿ ನೋಡಿ ಹೇಳಿಬಿಡಮ್ಮ. ಬೇಗ."

ಅವಳು ಗುಂಡಿಗೆ ಇಳಿದು ಮಂಡಿಯೂರಿದಳು. ಅಲ್ಲ ಎಂದು ಹೇಳಲು ಬಾಯಿ ತೆರೆದವಳು ಹಾಗೆಯೇ ತಡೆದಳು.

ಹೊಟ್ಟೆ ಕುಸಿದಿತ್ತು. ಕತ್ತು ಕುಸಿದಿತ್ತು. ತುಪ್ಪಟದ ಅಂಗಿ ಮಾತ್ರ ಎದೆಯ ನಡುವೆ, ಒಳಗಿನಿಂದ ಯಾರೋ ಬೆರಳಿಟ್ಟು ಎತ್ತಿ ಹಿಡಿದಂತೆ, ಸಣ್ಣ ಡೇರೆಯಾಗಿ ನಿಂತಿತ್ತು.

ಮೇಲೆ ಎಲ್ಲರೂ ಮುಖ ತಿರುಗಿಸಿದ್ದರು. ವಾಸನೆಗೆ ಕೆಲವರು, ಅವಳ ಕಣ್ಣಿಗೆ ಹೆದರಿ ಕೆಲವರು. ವಿದಾ ಅಂಗಿಯ ಒಂದು ಗುಂಡಿ ಬಿಚ್ಚಿದಳು. ಇನ್ನೊಂದು. ಒಳಗಿನ ಮದುವೆಯ ಅಂಗಿಯದ್ದನ್ನೂ.

ಗೂಟ. ಗೇಣುದ್ದದ್ದು, ಮುಳ್ಳುಮರದ್ದು, ಪಕ್ಕೆಲುಬುಗಳ ನಡುವೆ ನೆಟ್ಟಗೆ ಇಳಿದಿತ್ತು. ಮೇಲ್ತುದಿಗೆ ಬೂಷ್ಟು ಹಿಡಿದಿತ್ತು. ಮುಚ್ಚಳ ಮುಚ್ಚಲು ಅಡ್ಡವಾಗದಂತೆ, ತುಪ್ಪಟದ ಕೆಳಗೆ ಯಾರಿಗೂ ಕಾಣದಂತೆ, ಅಳೆದು ಮೋಟಾಗಿ ಕಡಿದದ್ದು. ಗೋರಿ ಅಗೆದು ಹೊಡೆದದ್ದಲ್ಲ. ಅಂಗಿ ತೊಡಿಸುವ ಮೊದಲೇ ಹೊಡೆದದ್ದು.

ಊರಿನಲ್ಲಿ ಯಾರೂ ಅವನ ದನಿ ಕೇಳುವ ಮೊದಲೇ, ಒಂದು ಕುರಿಮರಿಯೂ ಸಾಯುವ ಮೊದಲೇ, ಇವನು ಎದ್ದು ಬರುತ್ತಾನೆ, ಮೊದಲು ತನ್ನ ಹತ್ತಿರವೇ ಬರುತ್ತಾನೆ ಎಂದು ಒಬ್ಬರಿಗೆ ಗೊತ್ತಿತ್ತು.

ಗೂಟದ ಕತ್ತಿಗೆ ದಾರ ಸುತ್ತಿತ್ತು. ಬಿಗಿಯಾಗಿ, ಸುತ್ತಿನ ಮೇಲೆ ಸುತ್ತು. ತನ್ನ ಅಳತೆಯಿಂದಲೇ ಕಟ್ಟಿಹಾಕಿದರೆ ಸತ್ತವನು ಅಲ್ಲಾಡಲಾರ ಎಂದು ವಿದಾಳ ಅಜ್ಜಿ ಹೇಳುತ್ತಿದ್ದಳು. ದಾರ ಕೆಂಪು ಉಣ್ಣೆಯದು. ಕೊನೆಯ ಸುತ್ತಿನಲ್ಲಿ ಒಂದು ಗಂಟು, ಗಂಟಿನಾಚೆ ಬೂದು ಬಣ್ಣ.

ತನ್ನ ಗಂಟು. ತನ್ನ ಕದಿರಿನ ಎಳೆ.

ಬೆಳ್ಳುಳ್ಳಿಯಿಲ್ಲದ ಕಿಟಕಿ. ತೊಲೆಯಿಂದ ಇಳಿಸಬಾರದ ದಾರ. ಮೊದಲ ಕೂಗಿಗೇ 'ಯಾರದು?' ಎಂದ ದನಿ. ನಂಬದವಳ ಧೈರ್ಯವಲ್ಲ ಅದು. ಎಲ್ಲರಿಗಿಂತ ಹೆಚ್ಚು ನಂಬಿದವಳ ನೆಮ್ಮದಿ.

ವಿದಾ ತಲೆಯೆತ್ತಿದಳು. ಗುಂಡಿಯ ಅಂಚಿನಲ್ಲಿ ರುಮೆನಾ ನಿಂತಿದ್ದಳು. ಅವಳೊಬ್ಬಳು ಮಾತ್ರ ಒಳಗೆ ನೋಡುತ್ತಿದ್ದಳು. ಬಿಚ್ಚಿದ ಗುಂಡಿಗಳನ್ನು ನೋಡಿದಳು, ವಿದಾಳ ಕೈಯನ್ನು ನೋಡಿದಳು. ಆಮೇಲೆ ಇಬ್ಬರ ಕಣ್ಣೂ ಒಂದು ಗಳಿಗೆ ಸೇರಿದವು.

ಅಷ್ಟೆ. ರುಮೆನಾ ಊರಿನ ಉಳಿದ ಹೆಂಗಸರಂತೆಯೇ ತಲೆವಸ್ತ್ರವನ್ನು ಮುಖದ ಮೇಲೆ ಎಳೆದುಕೊಂಡು ಪಕ್ಕಕ್ಕೆ ತಿರುಗಿದಳು.

"ವಿದಾ!" ಎಂದು ಕೂಗಿದ ಒಬ್ರೆನ್, ಮೂಗು ಮುಚ್ಚಿಕೊಂಡೇ. "ಏನಿದೆ ಅಲ್ಲಿ?"

ಬೂದು ಎಳೆಯ ತುದಿ ಅವಳ ಬೆರಳುಗಳ ನಡುವೆ ಇತ್ತು. ಎಳೆದರೆ ಬಿಚ್ಚಿಕೊಂಡು ಬರುತ್ತಿತ್ತು. ಮುಷ್ಟಿ ಮುಚ್ಚಿದರೆ ಕಾಣುತ್ತಿರಲಿಲ್ಲ. ಅವಳು ಓಗೊಡಲಿಲ್ಲ.

ಒಬ್ರೆನ್ ಎರಡನೇ ಸಲ ಕೂಗಿದ.